ಮರುಭೂಮಿಯ ಮಳೆಗಪ್ಪೆ: ಕಾಯುವ ವಿಷವೇ ಕುತ್ತಾದ ಕಥೆ

2022ರ ಅಕ್ಟೋಬರ್ ತಿಂಗಳ ಕೊನೆಯಲ್ಲಿ ಅಮೆರಿಕದ ರಾಷ್ಟ್ರೀಯ ಉದ್ಯಾನ ಸೇವೆಯು ಫೇಸ್‌ಬುಕ್‌ನಲ್ಲಿ ಒಂದು ವಿಚಿತ್ರ ಸೂಚನೆಯನ್ನು ಪ್ರಕಟಿಸಿತು. ಉದ್ಯಾನಗಳಿಗೆ ಭೇಟಿ ನೀಡುವವರು ರಾತ್ರಿ ವೇಳೆ ಕಣ್ಣಿಗೆ ಬೀಳುವ ಒಂದು ಬಗೆಯ ಕಪ್ಪೆಯನ್ನು ದಯವಿಟ್ಟು ನೆಕ್ಕಬಾರದು ಎಂಬುದೇ ಆ ಸೂಚನೆ. ಜತೆಗೆ ಅರಿಜೋನಾದ ಆರ್ಗನ್ ಪೈಪ್ ಕ್ಯಾಕ್ಟಸ್ ಸಂರಕ್ಷಿತ ಪ್ರದೇಶದ ಸ್ವಯಂಚಾಲಿತ ಕ್ಯಾಮೆರಾದಲ್ಲಿ ಸೆರೆಸಿಕ್ಕ, ಕತ್ತಲಲ್ಲಿ ಕಣ್ಣು ಹೊಳೆಯಿಸುತ್ತ ಕುಳಿತ ಕಪ್ಪೆಯ ಚಿತ್ರವೂ ಇತ್ತು. ಸುದ್ದಿ ಜಗತ್ತನ್ನೆಲ್ಲ ಸುತ್ತಿತು. ಓದಿದವರು ನಕ್ಕರು, ಮರುದಿನ ಮರೆತರು.

ಆದರೆ ಈ ನಗೆಯ ಹಿಂದೆ ಗಂಭೀರವಾದ ಸಂಗತಿಯೊಂದಿದೆ. ಲಕ್ಷಾಂತರ ವರ್ಷಗಳ ವಿಕಾಸದಲ್ಲಿ ತನ್ನ ಜೀವವನ್ನು ಉಳಿಸಿಕೊಳ್ಳಲು ಈ ಪ್ರಾಣಿ ಗಳಿಸಿಕೊಂಡ ವಿಷವೇ ಇಂದು ಅದರ ಜೀವಕ್ಕೆ ಎರವಾಗುತ್ತಿದೆ. ನರಿ, ನಾಯಿಗಳನ್ನು ದೂರವಿಡಲು ಸೃಷ್ಟಿಯಾದ ರಾಸಾಯನಿಕವು ಮನುಷ್ಯನನ್ನು ಮಾತ್ರ ಹತ್ತಿರಕ್ಕೆ ಸೆಳೆದಿದೆ. ಈ ಕಪ್ಪೆಯ ಹೆಸರು ಸೊನೊರಾ ಮರುಭೂಮಿಯ ನೆಲಗಪ್ಪೆ. ವಿಜ್ಞಾನಿಗಳು ಇದನ್ನು ಹಿಂದೆ ಬುಫೊ ಆಲ್ವೇರಿಯಸ್ ಎಂದು ಕರೆಯುತ್ತಿದ್ದರು. ಈಗಿನ ವರ್ಗೀಕರಣದಲ್ಲಿ ಇದು ಇನ್ಸಿಲಿಯಸ್ ಆಲ್ವೇರಿಯಸ್.

ಎಲ್ಲಿಯದು ಈ ಕಪ್ಪೆ?

ಅಮೆರಿಕದ ನೈರುತ್ಯ ಭಾಗ ಹಾಗೂ ಮೆಕ್ಸಿಕೊದ ವಾಯವ್ಯ ಭಾಗವನ್ನು ವ್ಯಾಪಿಸಿರುವ ಸೊನೊರಾ ಮರುಭೂಮಿಯ ವಿಸ್ತೀರ್ಣ ಸುಮಾರು 2.6 ಲಕ್ಷ ಚದರ ಕಿಲೋಮೀಟರ್. ಎಂದರೆ ಇಡೀ ಕರ್ನಾಟಕಕ್ಕಿಂತಲೂ ದೊಡ್ಡದು. ಮರುಭೂಮಿ ಎಂದೊಡನೆ ಕಣ್ಣ ಮುಂದೆ ನಿಲ್ಲುವ ಬರಿಯ ಮರಳ ದಿಬ್ಬಗಳ ನಾಡು ಇದಲ್ಲ. ಕೈಯೆತ್ತಿ ನಿಂತ ಮನುಷ್ಯನಂತೆ ಕಾಣುವ ಸಾಗ್ವಾರೊ ಎಂಬ ಹೆಮ್ಮರದಂಥ ಕಳ್ಳಿ, ಮುಳ್ಳುಪೊದೆ, ಒಣಗಿದ ಹಳ್ಳ, ಕಲ್ಲುಗುಡ್ಡಗಳಿಂದ ತುಂಬಿದ ಭೂಮಿ ಇದು. ಬೇಸಿಗೆಯಲ್ಲಿ ಇಲ್ಲಿನ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ನಿತ್ಯದ ಮಾತು.

ತೇವಾಂಶವಿಲ್ಲದೆ ಬದುಕಲಾರದ ಕಪ್ಪೆಯೊಂದು ಇಂಥ ನೆಲವನ್ನು ತವರು ಮಾಡಿಕೊಂಡಿರುವುದೇ ಒಂದು ಅಚ್ಚರಿ. ದಕ್ಷಿಣ ಅರಿಜೋನಾ, ನ್ಯೂ ಮೆಕ್ಸಿಕೊ ರಾಜ್ಯದ ನೈರುತ್ಯದ ಮೂಲೆ, ಮೆಕ್ಸಿಕೊದ ಸೊನೊರಾ ರಾಜ್ಯ ಹಾಗೂ ಸಿನಾಲೋವಾದ ಉತ್ತರ ಭಾಗ ಇದರ ನೆಲೆ. ಅಮೆರಿಕದ ಮೂಲನಿವಾಸಿ ನೆಲಗಪ್ಪೆಗಳಲ್ಲಿ ಅತ್ಯಂತ ದೊಡ್ಡವುಗಳ ಸಾಲಿಗೆ ಇದು ಸೇರುತ್ತದೆ. ಪೂರ್ಣ ಬೆಳೆದ ಕಪ್ಪೆ ಸುಮಾರು 19 ಸೆಂಟಿಮೀಟರ್ ಉದ್ದವಿರಬಲ್ಲದು. ಒಬ್ಬ ವಯಸ್ಕನ ಅಂಗೈಯಲ್ಲಿ ಹಿಡಿಸದಷ್ಟು ಗಾತ್ರ.

ನೆಲಗಪ್ಪೆ ಎಂದರೆ ಮೈತುಂಬ ಗಂಟು ಎಂಬುದು ನಮ್ಮ ಸಾಮಾನ್ಯ ಕಲ್ಪನೆ. ಸೊನೊರಾದ ಕಪ್ಪೆ ಇದಕ್ಕೆ ಅಪವಾದ. ಇದರ ಚರ್ಮ ಬಹುಮಟ್ಟಿಗೆ ನುಣುಪು. ಹದಮಾಡಿದ ತೊಗಲಿನಂತೆ ಹೊಳೆಯುವ ಹಸಿರುಗಂದು ಬಣ್ಣ. ಬಾಯಿಯ ಅಂಚಿನಲ್ಲಿ ಬಿಳಿಯ ಗುಳ್ಳೆಯಂಥ ಗುರುತು. ಕಣ್ಣುಗಳ ಹಿಂಭಾಗದಲ್ಲಿ ಉಬ್ಬಿ ನಿಂತ ಎರಡು ದೊಡ್ಡ ಗ್ರಂಥಿಗಳು. ಕಾಲುಗಳ ಮೇಲೂ ಅಂಥವೇ ಉದ್ದನೆಯ ಗ್ರಂಥಿಗಳು. ಇವೇ ಈ ಕಥೆಯ ಕೇಂದ್ರಬಿಂದುಗಳು.

1859ರಲ್ಲಿ ಚಾರ್ಲ್ಸ್ ಗಿರಾರ್ ಎಂಬ ಪ್ರಾಣಿವಿಜ್ಞಾನಿ ಮೊದಲ ಬಾರಿಗೆ ಈ ಕಪ್ಪೆಯ ವೈಜ್ಞಾನಿಕ ವಿವರಣೆ ನೀಡಿದರು. ಅಮೆರಿಕ ಮತ್ತು ಮೆಕ್ಸಿಕೊ ನಡುವಣ ಗಡಿ ಸಮೀಕ್ಷೆಯ ಕಾಲದಲ್ಲಿ ಕೊಲರಾಡೊ ಮತ್ತು ಹೀಲಾ ನದಿಗಳ ಕಣಿವೆಯಲ್ಲಿ ದೊರೆತ ಮಾದರಿಗಳೇ ಅದಕ್ಕೆ ಆಧಾರ. ಆ ಕಾರಣದಿಂದಲೇ ಇದಕ್ಕೆ ಕೊಲರಾಡೊ ನದಿಯ ಕಪ್ಪೆ ಎಂಬ ಇನ್ನೊಂದು ಹೆಸರೂ ಇದೆ. ಈ ಹೆಸರಿನ ದುರಂತವನ್ನು ಮುಂದೆ ನೋಡೋಣ.

ಮುಂಗಾರಿಗೆ ಕಾದು ಕೂರುವ ಜೀವ

ಮುಂಗಾರು ನಮ್ಮ ಸ್ವತ್ತು ಎಂದು ನಾವು ಭಾವಿಸುವುದುಂಟು. ಸೊನೊರಾ ಮರುಭೂಮಿಗೂ ತನ್ನದೇ ಆದ ಮುಂಗಾರಿದೆ. ಬೇಸಿಗೆಯ ಕಾವು ಏರಿದಂತೆ ಗಾಳಿಯ ದಿಕ್ಕು ಬದಲಾಗಿ, ದಕ್ಷಿಣದ ಕಡಲುಗಳ ತೇವ ಮರುಭೂಮಿಯತ್ತ ಸಾಗಿಬರುತ್ತದೆ. ಅಮೆರಿಕದ ಹವಾಮಾನ ಇಲಾಖೆ 2008ರಿಂದ ಜೂನ್ 15ರಿಂದ ಸೆಪ್ಟೆಂಬರ್ 30ರವರೆಗಿನ ಅವಧಿಯನ್ನು ಅಲ್ಲಿನ ಮುಂಗಾರು ಋತುವೆಂದು ಪರಿಗಣಿಸುತ್ತಿದೆ. ಅರಿಜೋನಾದ ಟೂಸಾನ್ ನಗರದಲ್ಲಿ ವರ್ಷವಿಡೀ ಬೀಳುವ ಸರಾಸರಿ ಮಳೆ 30 ಸೆಂಟಿಮೀಟರಿಗೂ ಕಡಿಮೆ. ಅದರಲ್ಲಿ ಸುಮಾರು ಅರ್ಧಭಾಗ ಈ ಕೆಲವೇ ವಾರಗಳಲ್ಲಿ ಗುಡುಗು ಸಿಡಿಲಿನೊಂದಿಗೆ ಸುರಿದುಹೋಗುತ್ತದೆ.

ಕಪ್ಪೆಯ ಇಡೀ ಬದುಕು ಈ ಮಳೆಯ ಸುತ್ತಲೇ ಹೆಣೆದುಕೊಂಡಿದೆ. ವರ್ಷದ ಹೆಚ್ಚಿನ ತಿಂಗಳುಗಳನ್ನು ಇದು ನೆಲದಡಿಯಲ್ಲಿ, ಬಹುತೇಕ ಇಲಿ ಹೆಗ್ಗಣಗಳು ತೋಡಿದ ಬಿಲಗಳಲ್ಲಿ ಕಳೆಯುತ್ತದೆ. ಆಗ ದೇಹದ ಚಟುವಟಿಕೆಗಳೆಲ್ಲ ನಿಧಾನ. ನೀರನ್ನು ಬಾಯಿಯಿಂದ ಕುಡಿಯುವ ಅಭ್ಯಾಸ ಕಪ್ಪೆಗಳಿಗಿಲ್ಲ. ಹೊಟ್ಟೆಯಡಿಯ ತೆಳುಚರ್ಮದ ಮೂಲಕ ನೆಲದ ತೇವವನ್ನು ಹೀರಿಕೊಳ್ಳುತ್ತವೆ. ಮೂತ್ರಕೋಶದಲ್ಲಿ ಶೇಖರವಾದ ನೀರನ್ನು ಬರಗಾಲದಲ್ಲಿ ದೇಹ ಮರಳಿ ಬಳಸಿಕೊಳ್ಳುತ್ತದೆ. ಬಿಂದಿಗೆಯನ್ನು ಹೊಟ್ಟೆಯಲ್ಲೇ ಹೊತ್ತ ಪಯಣಿಗನಂತೆ ಮರುಭೂಮಿಯ ಕಪ್ಪೆ.

ಮೇ ತಿಂಗಳ ಕೊನೆಗೆ ಕೆಲವು ಕಪ್ಪೆಗಳು ಹೊರಬರಲಾರಂಭಿಸುತ್ತವೆ. ಜುಲೈನಲ್ಲಿ ಮೊದಲ ದೊಡ್ಡ ಮಳೆ ಬಿದ್ದೊಡನೆ ಚಿತ್ರವೇ ಬದಲಾಗುತ್ತದೆ. ತಗ್ಗುಗಳಲ್ಲಿ ನಿಂತ ನೀರು, ದನಗಳಿಗೆಂದು ಕಟ್ಟಿದ ಕಟ್ಟೆ, ನೀರಾವರಿ ಕಾಲುವೆ, ತೊರೆಗಳತ್ತ ಕಪ್ಪೆಗಳು ರಾತ್ರೋರಾತ್ರಿ ಹೊರಡುತ್ತವೆ. ಗಾತ್ರ ದೊಡ್ಡದಾದರೂ ಗಂಡಿನ ಕೂಗು ಬಹಳ ಕ್ಷೀಣ. ಒಂದು ಕ್ಷಣವೂ ಬಾಳದ ತಗ್ಗುದನಿಯ ಸೀಟಿಯಂತೆ ಕೇಳಿಸುತ್ತದೆ. ನಮ್ಮ ಮಳೆಗಾಲದ ವಟಗುಟ್ಟುವಿಕೆಯನ್ನು ನೆನೆದು ಹೋದವರಿಗೆ ನಿರಾಶೆಯಾದೀತು.

ಒಂದು ಹೆಣ್ಣು ಕಪ್ಪೆ ಉದ್ದನೆಯ ಲೋಳೆಸರದಲ್ಲಿ ಪೋಣಿಸಿದಂತೆ ಸುಮಾರು 8,000 ಮೊಟ್ಟೆಗಳವರೆಗೆ ಇಡಬಲ್ಲದು. ಅಲ್ಲಿಂದ ಮುಂದೆ ಕಾಲದೊಡನೆ ಪೈಪೋಟಿ. ಬಿಸಿಲಿಗೆ ಗುಂಡಿಯ ನೀರು ಇಂಗುವ ಮೊದಲು ಗೊದಮೊಟ್ಟೆಗಳು ಕಪ್ಪೆಯಾಗಬೇಕು. ಒಂದು ತಿಂಗಳ ಆಸುಪಾಸಿನಲ್ಲಿ ಈ ರೂಪಾಂತರ ಮುಗಿಯುತ್ತದೆ. ಬಹುಪಾಲು ಮರಿಗಳು ಈ ಓಟದಲ್ಲಿ ಸೋಲುತ್ತವೆ. ಗೆದ್ದು ದೊಡ್ಡದಾದ ಕಪ್ಪೆ ಮಾತ್ರ 10 ವರ್ಷಕ್ಕೂ ಹೆಚ್ಚು ಕಾಲ ಬದುಕಬಲ್ಲದು. ಈ ಅಂಶವನ್ನು ಓದುಗರು ನೆನಪಿನಲ್ಲಿಡಬೇಕು. ಮಳೆ ಕೈಕೊಟ್ಟ ವರ್ಷಗಳಲ್ಲಿ ಸಂತತಿ ಬೆಳೆಯದಿದ್ದರೂ, ಹಳೆಯ ಕಪ್ಪೆಗಳು ಉಳಿದಿದ್ದು ಮುಂದಿನ ಒಳ್ಳೆಯ ಮಳೆಗೆ ಮತ್ತೆ ಮೊಟ್ಟೆಯಿಡುತ್ತವೆ. ಮರುಭೂಮಿಯಲ್ಲಿ ಈ ವಂಶ ನಿಂತಿರುವುದೇ ದೊಡ್ಡ ಕಪ್ಪೆಗಳ ಬಲದ ಮೇಲೆ.

ಆಹಾರದ ವಿಷಯದಲ್ಲಿ ಇದಕ್ಕೆ ಮಡಿವಂತಿಕೆಯಿಲ್ಲ. ಜೀರುಂಡೆ, ಜೇಡ, ಚೇಳು, ಶತಪದಿಗಳಿಂದ ಹಿಡಿದು ಸಣ್ಣ ಹಲ್ಲಿ, ಇಲಿಮರಿ, ತನಗಿಂತ ಚಿಕ್ಕ ಕಪ್ಪೆಗಳವರೆಗೆ ಬಾಯಿಗೆ ಹಿಡಿಸುವುದೆಲ್ಲ ಆಹಾರವೇ. ಮನೆಗಳ ಮುಂದಿನ ದೀಪದಡಿಯಲ್ಲಿ ಹುಳುಗಳಿಗಾಗಿ ಕಾದು ಕೂರುವುದೂ ಉಂಟು. ನಮ್ಮ ಹಳ್ಳಿಗಳ ಜಗಲಿಯ ಮುಂದೆ ಕಾಣುವ ದೃಶ್ಯವೇ ಅದು.

ಎರಡು ಬಗೆಯ ವಿಷ

ನಿಧಾನವಾಗಿ ಕುಪ್ಪಳಿಸುವ, ಕೊಬ್ಬಿದ ಮೈಯ ಇಂಥ ಪ್ರಾಣಿ ಬೇಟೆಗಾರರಿಗೆ ಸುಲಭದ ತುತ್ತಾಗಬೇಕಿತ್ತು. ಆಗದಿರಲು ಕಾರಣ ಅದರ ಗ್ರಂಥಿಗಳಲ್ಲಿರುವ ಹಾಲಿನಂಥ ಸ್ರಾವ. ಹಾವು ಚೇಳುಗಳಂತೆ ಈ ಕಪ್ಪೆ ವಿಷವನ್ನು ಚುಚ್ಚಲಾರದು, ಉಗುಳಲಾರದು. ತನ್ನನ್ನು ಯಾರಾದರೂ ಬಾಯಿಗೆ ಹಾಕಿಕೊಂಡು ಅದುಮಿದಾಗಲಷ್ಟೇ ಅದು ಹೊರಬರುತ್ತದೆ. ಎಂದರೆ ಇದು ಆಕ್ರಮಣದ ಆಯುಧವಲ್ಲ, ಕೇವಲ ಗುರಾಣಿ.

ಈ ಸ್ರಾವದಲ್ಲಿ ಮುಖ್ಯವಾಗಿ ಎರಡು ಬಗೆಯ ವಿಷಗಳಿವೆ. ಒಂದು, ಹೃದಯದ ಮೇಲೆ ಪರಿಣಾಮ ಬೀರುವ ಬುಫಾಡೈನೊಲೈಡ್‌ಗಳು. ಇನ್ನೊಂದು, ಮಿದುಳಿನ ಮೇಲೆ ಕೆಲಸ ಮಾಡುವ ಟ್ರಿಪ್ಟಮೀನ್‌ಗಳು.

ಮೊದಲನೆಯದನ್ನು ಅರಿಯಲು ಕನ್ನಡಿಗರು ದೂರ ಹೋಗಬೇಕಿಲ್ಲ. ಹಿತ್ತಲಲ್ಲಿ ಬೆಳೆಯುವ ಕಣಗಿಲೆ ವಿಷವೆಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು. ಕಣಗಿಲೆಯ ವಿಷವೂ ಕಪ್ಪೆಯ ಬುಫಾಡೈನೊಲೈಡ್‌ಗಳೂ ದೇಹದಲ್ಲಿ ಮಾಡುವ ಹಾನಿ ಒಂದೇ ತೆರನದು. ನಮ್ಮ ಜೀವಕೋಶಗಳ ಹೊದಿಕೆಯಲ್ಲಿ ಸೋಡಿಯಂ ಅನ್ನು ಹೊರಕ್ಕೂ ಪೊಟ್ಯಾಸಿಯಂ ಅನ್ನು ಒಳಕ್ಕೂ ಸಾಗಿಸುವ ಸೂಕ್ಷ್ಮ ಪಂಪುಗಳಿವೆ. ಹೃದಯದ ಲಯ ಈ ಪಂಪುಗಳನ್ನು ಅವಲಂಬಿಸಿದೆ. ವಿಷ ಅವುಗಳನ್ನು ಸ್ತಬ್ಧಗೊಳಿಸಿದರೆ ಹೃದಯದ ಬಡಿತ ತಾಳ ತಪ್ಪುತ್ತದೆ, ಪ್ರಮಾಣ ಹೆಚ್ಚಿದರೆ ನಿಂತೇ ಹೋಗಬಹುದು. ಕಪ್ಪೆಗೆ ಮಾತ್ರ ತನ್ನ ವಿಷ ಏನೂ ಮಾಡದು. ನೆಲಗಪ್ಪೆಗಳ ಪಂಪಿನ ರಚನೆಯಲ್ಲಿ ಆಗಿರುವ ಚಿಕ್ಕ ಬದಲಾವಣೆ ಅವುಗಳನ್ನು ಕಾಪಾಡುತ್ತದೆ.

ನಮ್ಮ ಮನೆಯಂಗಳದ ನೆಲಗಪ್ಪೆಯೂ ಸೊನೊರಾದ ಕಪ್ಪೆಯೂ ಬುಫೊನಿಡೇ ಎಂಬ ಒಂದೇ ಕುಟುಂಬಕ್ಕೆ ಸೇರಿದವು. ಹೃದಯಕ್ಕೆ ಹಾನಿ ಮಾಡುವ ವಿಷ ಎರಡರಲ್ಲೂ ಇದೆ. ಸೊನೊರಾದ ಕಪ್ಪೆಯನ್ನು ಬೇರೆಯಾಗಿಸುವುದು ಎರಡನೆಯ ಬಗೆಯ ವಿಷ. ಅನೇಕ ನೆಲಗಪ್ಪೆಗಳಲ್ಲಿ ಬುಫೊಟೆನಿನ್ ಎಂಬ ರಾಸಾಯನಿಕವಿರುತ್ತದೆ. ಈ ಕಪ್ಪೆಯ ದೇಹದಲ್ಲಿರುವ ಒಂದು ವಿಶೇಷ ಕಿಣ್ವ ಅದನ್ನು 5-ಮೀಥಾಕ್ಸಿ-ಡಿಎಂಟಿ ಎಂಬ ವಸ್ತುವಾಗಿ ಪರಿವರ್ತಿಸುತ್ತದೆ. ಒಣಗಿದ ಸ್ರಾವದಲ್ಲಿ ಇದರ ಪಾಲು ಶೇ. 15ರವರೆಗೂ ಇರುವುದುಂಟು. ಇಷ್ಟು ಪ್ರಮಾಣದಲ್ಲಿ ಈ ವಸ್ತು ಬೇರಾವ ಕಪ್ಪೆಯಲ್ಲಿಯೂ ಕಂಡುಬಂದಿಲ್ಲ. ಮಿದುಳಿನ ಸೆರೊಟೋನಿನ್ ಗ್ರಾಹಕಗಳಿಗೆ ಅಂಟಿಕೊಂಡು ಪ್ರಜ್ಞೆಯನ್ನೇ ಅಲುಗಾಡಿಸುವ ಅತಿ ತೀಕ್ಷ್ಣ ಭ್ರಾಮಕ ಇದು.

ಕಪ್ಪೆಯನ್ನು ಕಚ್ಚಿದ ನಾಯಿಯ ಪಾಡು ಅರಿಜೋನಾದ ಪಶುವೈದ್ಯರಿಗೆ ಪ್ರತಿ ಮಳೆಗಾಲವೂ ಪರಿಚಿತ. ಬಾಯಿಂದ ಧಾರಾಕಾರ ಜೊಲ್ಲು, ಕೆಂಪೇರಿದ ಒಸಡು, ತೂರಾಡುವ ನಡಿಗೆ, ಸೆಳವು, ಅಡ್ಡಾದಿಡ್ಡಿ ಹೃದಯಬಡಿತ. ಚಿಕಿತ್ಸೆ ತಡವಾದರೆ ಸಾವು. ಆದರೆ ಕಾಡಿನಲ್ಲಿ ಇದಕ್ಕೂ ಉಪಾಯ ಕಂಡುಕೊಂಡ ಪ್ರಾಣಿಯಿದೆ. ರಕೂನ್ ಎಂಬ ಪ್ರಾಣಿ ಕಪ್ಪೆಯ ಹಿಂಗಾಲನ್ನು ಹಿಡಿದೆಳೆದು, ಅಂಗಾತ ಮಲಗಿಸಿ, ಗ್ರಂಥಿಗಳಿರುವ ಬೆನ್ನಿನ ಭಾಗವನ್ನು ಮುಟ್ಟದೆ ಹೊಟ್ಟೆಯ ಕಡೆಯಿಂದ ತಿನ್ನುವುದನ್ನು ಕಲಿತಿದೆ.

ನೆಕ್ಕಿದರೆ ಆಗುವುದೇನು?

ಕಪ್ಪೆಯನ್ನು ನೆಕ್ಕಿದರೆ ಅಮಲೇರುತ್ತದೆ ಎಂಬ ಮಾತು ಹಲವು ದಶಕಗಳಿಂದ ಚಲಾವಣೆಯಲ್ಲಿದೆ. ಇದು ಅಪಾಯಕಾರಿ ತಪ್ಪು ಕಲ್ಪನೆ. 5-ಮೀಥಾಕ್ಸಿ-ಡಿಎಂಟಿ ಹೊಟ್ಟೆಗೆ ಹೋದರೆ ಕರುಳು ಮತ್ತು ಯಕೃತ್ತಿನಲ್ಲಿರುವ ಕಿಣ್ವ ಅದನ್ನು ಬಹುಮಟ್ಟಿಗೆ ಒಡೆದುಹಾಕುತ್ತದೆ. ಹೃದಯಕ್ಕೆ ಹಾನಿ ಮಾಡುವ ಬುಫಾಡೈನೊಲೈಡ್‌ಗಳಿಗೆ ಅಂಥ ತಡೆಯಿಲ್ಲ. ಹೀಗಾಗಿ ನೆಕ್ಕಿದವನಿಗೆ ಸಿಗುವುದು ಅಮಲಲ್ಲ, ವಿಷಪ್ರಾಶನ.

ಇದರ ಭೀಕರತೆಗೆ ಇನ್ನೊಂದು ಬಗೆಯ ಕಪ್ಪೆವಿಷದ ಪ್ರಕರಣ ಸಾಕ್ಷಿ. 1993ರಿಂದ 1995ರ ನಡುವೆ ನ್ಯೂಯಾರ್ಕ್ ನಗರದಲ್ಲಿ ಕಾಮೋತ್ತೇಜಕವೆಂದು ಮಾರಲಾಗುತ್ತಿದ್ದ ವಸ್ತುವೊಂದನ್ನು ಸೇವಿಸಿದ ಐವರು ಆರೋಗ್ಯವಂತ ಪುರುಷರು ಅಸ್ವಸ್ಥರಾಗಿ, ಅವರಲ್ಲಿ ನಾಲ್ವರು ಸತ್ತರು. ಮೈಗೆ ಹಚ್ಚಬೇಕಾದದ್ದನ್ನು ಅವರು ನುಂಗಿದ್ದರು. ಪರೀಕ್ಷಿಸಿದಾಗ ಅದರಲ್ಲಿದ್ದುದು ಬುಫಾಡೈನೊಲೈಡ್. ಚೀನಾದ ಪಾರಂಪರಿಕ ವೈದ್ಯದಲ್ಲಿ ಬಳಸುವ, ಕಪ್ಪೆಯ ಒಣಗಿದ ಸ್ರಾವದ ಔಷಧದ ಸಂಯೋಜನೆಯನ್ನೇ ಅದು ಹೋಲುತ್ತಿತ್ತು.

ಅಮಲಿಗಾಗಿ ಈ ಸ್ರಾವವನ್ನು ಬಳಸುವವರು ಅದರ ಹೊಗೆಯನ್ನು ಸೇವಿಸುತ್ತಾರೆ. ಕೆಲವೇ ಕ್ಷಣಗಳಲ್ಲಿ ಪ್ರಜ್ಞೆ ಕದಡಿ, ಅರ್ಧ ಗಂಟೆಯೊಳಗೆ ಅದರ ಪ್ರಭಾವ ಬಹುತೇಕ ಇಳಿಯುತ್ತದೆ. ಅಷ್ಟರಲ್ಲಿ ರಕ್ತದೊತ್ತಡ, ಹೃದಯಬಡಿತ ಏರುವುದು, ವಾಂತಿಯಾಗಿ ಉಸಿರು ಕಟ್ಟುವುದು, ತೀವ್ರ ಭಯ, ಸೆಳವು ಎಲ್ಲವೂ ಸಾಧ್ಯ. ಖಿನ್ನತೆಗೆ ನೀಡುವ ಕೆಲವು ಔಷಧಗಳೊಂದಿಗೆ ಬೆರೆತರೆ ಪ್ರಾಣಾಂತಿಕವಾಗಬಲ್ಲದು. 2019ರಲ್ಲಿ ಸ್ಪೇನ್ ದೇಶದಲ್ಲಿ ಕಪ್ಪೆವಿಷದ ಹೊಗೆ ಸೇವನೆಯ ಆಚರಣೆಯೊಂದರಲ್ಲಿ ಪಾಲ್ಗೊಂಡ ವ್ಯಕ್ತಿ ಮೃತಪಟ್ಟರು. ಆ ಸಂಬಂಧ 2020ರಲ್ಲಿ ಪೊಲೀಸರು ಬಂಧನಗಳನ್ನೂ ನಡೆಸಿದರು.

ಪ್ರಯೋಗಾಲಯದಿಂದ ಸಂತೆಗೆ

5-ಮೀಥಾಕ್ಸಿ-ಡಿಎಂಟಿಯ ಇತಿಹಾಸ ಕಪ್ಪೆಯಿಂದ ಆರಂಭವಾದುದಲ್ಲ ಎಂಬುದು ಇಲ್ಲಿನ ಸ್ವಾರಸ್ಯ. ಜಪಾನಿನ ರಸಾಯನ ವಿಜ್ಞಾನಿಗಳು 1936ರಲ್ಲೇ ಇದನ್ನು ಪ್ರಯೋಗಾಲಯದಲ್ಲಿ ತಯಾರಿಸಿದ್ದರು. ಕಪ್ಪೆಯ ಚರ್ಮದಲ್ಲಿ ಅದೇ ವಸ್ತು ಇರುವುದನ್ನು ಇಟಲಿಯ ಖ್ಯಾತ ಔಷಧ ವಿಜ್ಞಾನಿ ವಿಟ್ಟೋರಿಯೊ ಎರ್ಸ್ಪಾಮರ್ ಮತ್ತು ಸಂಗಡಿಗರು ತೋರಿಸಿದ್ದು 1960ರ ದಶಕದಲ್ಲಿ. 1967ರಲ್ಲಿ ಪ್ರಕಟವಾದ ಅವರ ಪ್ರಬಂಧವನ್ನು ವಿಜ್ಞಾನಿಗಳಷ್ಟೇ ಓದಿದರು. ಕಪ್ಪೆಗಳು ಎಂದಿನಂತೆ ಮಳೆಗೆ ಕಾಯುತ್ತ ಬಿಲದಲ್ಲಿದ್ದವು.

1980ರ ದಶಕದಲ್ಲಿ ಅಮೆರಿಕದಲ್ಲಿ ಆಲ್ಬರ್ಟ್ ಮೋಸ್ಟ್ ಎಂಬ ಗುಪ್ತನಾಮದಲ್ಲಿ ಪ್ರಕಟವಾದ ಒಂದು ಚಿಕ್ಕ ಕೈಪಿಡಿ ಪರಿಸ್ಥಿತಿಯನ್ನು ಬದಲಿಸಿತು. ಸ್ರಾವವನ್ನು ಅಮಲಿಗೆ ಬಳಸಬಹುದೆಂದು ಅದು ಸಾರಿತು. ಮುಂದೆ ಅಂತರ್ಜಾಲ ಬಂದಿತು. ಮನಸ್ಸಿನ ಗಾಯಗಳಿಗೆ ಕಪ್ಪೆಯ ವಿಷದಲ್ಲಿ ಮದ್ದಿದೆ ಎಂಬ ಮಾತು ಹರಡಿತು. ಪ್ರಸಿದ್ಧರು ತಮ್ಮ ಅನುಭವಗಳನ್ನು ಬಹಿರಂಗವಾಗಿ ಹೇಳಿಕೊಂಡರು. ಮೆಕ್ಸಿಕೊದಲ್ಲಿ ದುಬಾರಿ ಶುಲ್ಕದ ಶಿಬಿರಗಳು ತಲೆಯೆತ್ತಿದವು. ಅಮೆರಿಕ ಸರ್ಕಾರ 2011ರ ಜನವರಿಯಿಂದ ಈ ವಸ್ತುವನ್ನು ಅತ್ಯಂತ ಕಟ್ಟುನಿಟ್ಟಿನ ನಿಷೇಧದ ಪಟ್ಟಿಗೆ ಸೇರಿಸಿತಾದರೂ ಬೇಡಿಕೆ ಕುಗ್ಗಲಿಲ್ಲ.

ಪರಂಪರೆ ಯಾವುದು?

ಈ ಶಿಬಿರಗಳನ್ನು ನಡೆಸುವವರು ಹೆಚ್ಚಾಗಿ ಪ್ರಾಚೀನ ಪರಂಪರೆಯ ಹೆಸರು ಹೇಳುತ್ತಾರೆ. ಮರುಭೂಮಿಯ ಮೂಲನಿವಾಸಿಗಳು ಸಾವಿರಾರು ವರ್ಷಗಳಿಂದ ಕಪ್ಪೆಯ ಹೊಗೆ ಸೇವಿಸುತ್ತಿದ್ದರು ಎಂಬುದು ಅವರ ಪ್ರಚಾರ. 1992ರಲ್ಲಿ ವೇಡ್ ಡೇವಿಸ್ ಮತ್ತು ಆಂಡ್ರ್ಯೂ ವೈಲ್ ಎಂಬ ಸಂಶೋಧಕರು, ಪ್ರಾಚೀನ ಮಧ್ಯ ಅಮೆರಿಕದ ಕಲೆಯಲ್ಲಿ ಕಾಣುವ ಕಪ್ಪೆಯ ಚಿತ್ರಗಳಿಗೂ ಸೊನೊರಾದ ಈ ಕಪ್ಪೆಗೂ ಸಂಬಂಧವಿರಬಹುದೆಂದು ಊಹಿಸಿದ್ದು ನಿಜ. ಆದರೆ ಊಹೆ ಪುರಾವೆಯಲ್ಲ. ಸೊನೊರಾದ ಸೆರಿ ಜನರ ನಡುವೆ ಇಂದು ಕಾಣುವ ಹೊಗೆ ಸೇವನೆಯ ಆಚರಣೆ ಈಚಿನ ವರ್ಷಗಳಲ್ಲಿ ಹೊರಗಿನವರಿಂದ ಬಂದುದು.

ಇದಕ್ಕೆ ಬದಲಾಗಿ ಅಲ್ಲಿನ ಯಾಕಿ ಜನರಲ್ಲಿ ಕಪ್ಪೆಯ ಕುರಿತ ಒಂದು ಸುಂದರ ಜನಪದ ಕಥೆಯಿದೆ. ಒಮ್ಮೆ ಯಾಕಿ ನಾಡಿಗೆ ಭೀಕರ ಬರ ಬಂದಿತಂತೆ. ಮಳೆದೇವರಾದ ಯೂಕುವಿನ ಬಳಿಗೆ ಜನರು ಹಕ್ಕಿಗಳನ್ನು ದೂತರಾಗಿ ಕಳುಹಿಸಿದರು. ಬಿರುಗಾಳಿ ಸಿಡಿಲಿಗೆ ಸಿಕ್ಕು ಅವು ಮರಳಲಿಲ್ಲ. ಕೊನೆಗೆ ಬೊಬೊಕ್ ಎಂಬ ಕಪ್ಪೆ ಬಾವಲಿಯ ರೆಕ್ಕೆಗಳನ್ನು ಎರವಲು ಪಡೆದು ಹೊರಟಿತು. ಮಳೆ ತನ್ನನ್ನು ಅಟ್ಟಿಸಿಕೊಂಡು ಬರುವಂತೆ ಮಾಡಿ, ಅದನ್ನು ಊರಿನವರೆಗೂ ಕರೆತಂದಿತು.

ಮಳೆ ಬಾರದಾಗ ಕಪ್ಪೆಗಳಿಗೆ ಮದುವೆ ಮಾಡಿಸುವ ನಾಡಿನವರಾದ ನಮಗೆ ಈ ಕಥೆ ಅಪರಿಚಿತವೆನಿಸದು. ಎರಡೂ ಕಡೆಗಳಲ್ಲಿ ಕಪ್ಪೆ ಮಳೆಯ ದೂತ. ಮರುಭೂಮಿಯ ನಿಜವಾದ ಪರಂಪರೆ ಇದು: ಕಪ್ಪೆಯನ್ನು ಹಿಂಡುವುದಲ್ಲ, ಕಪ್ಪೆ ಬಂದರೆ ಮಳೆ ಬಂತೆಂದು ಸಂತೋಷಪಡುವುದು.

ಕಪ್ಪೆಗೆ ಒದಗಿದ ಕುತ್ತು

ಅಂತರರಾಷ್ಟ್ರೀಯ ನಿಸರ್ಗ ಸಂರಕ್ಷಣಾ ಒಕ್ಕೂಟದ ಕೆಂಪುಪಟ್ಟಿಯಲ್ಲಿ ಈ ಕಪ್ಪೆಯನ್ನು ಅಳಿವಿನ ಆತಂಕ ಕಡಿಮೆಯಿರುವ ಜೀವಿಗಳ ವರ್ಗದಲ್ಲಿ ಇರಿಸಲಾಗಿದೆ. ಇದನ್ನು ಕಂಡು ನೆಮ್ಮದಿಪಡುವಂತಿಲ್ಲ. ವರ್ಷದ ಬಹುಕಾಲ ನೆಲದಡಿಯಲ್ಲಿದ್ದು, ಮಳೆ ಬಿದ್ದ ಕೆಲವು ರಾತ್ರಿಗಳಲ್ಲಷ್ಟೇ ಹೊರಬರುವ ಪ್ರಾಣಿಯನ್ನು ಎಣಿಸುವುದೆಂದರೆ ನಮ್ಮ ಗಾದೆಯಂತೆ ಕಪ್ಪೆಯನ್ನು ತಕ್ಕಡಿಯಲ್ಲಿ ತೂಗಿದಂತೆಯೇ ಸರಿ. ಕಡಿಮೆಯಾದದ್ದು ತಿಳಿಯುವ ಹೊತ್ತಿಗೆ ಕಾಲ ಮಿಂಚಿರುತ್ತದೆ.

ಹಾಗೆ ಕಾಲ ಮಿಂಚಿದ ಉದಾಹರಣೆ ಕಣ್ಣ ಮುಂದೆಯೇ ಇದೆ. ಕೊಲರಾಡೊ ನದಿಯ ಹೆಸರನ್ನೇ ಹೊತ್ತ ಈ ಕಪ್ಪೆ ಕ್ಯಾಲಿಫೋರ್ನಿಯಾದ ಕಡೆಯ ನದಿದಂಡೆಯಿಂದ ಕಣ್ಮರೆಯಾಗಿದೆ. ಆ ರಾಜ್ಯದಲ್ಲಿ ಅದು ಕೊನೆಯದಾಗಿ ದಾಖಲಾದದ್ದು 1955ರಲ್ಲಿ. ನದಿಗೆ ಕಟ್ಟಿದ ಅಣೆಕಟ್ಟುಗಳು, ದಂಡೆಯ ನೆಲವನ್ನು ಆವರಿಸಿದ ಕೃಷಿ, ಕೀಟನಾಶಕ ಇವೆಲ್ಲ ಇದಕ್ಕೆ ಕಾರಣವೆಂದು ಹೇಳಲಾಗುತ್ತದೆ. ಆಗಿನ್ನೂ ಅದರ ವಿಷಕ್ಕೆ ಗಿರಾಕಿಗಳಿರಲಿಲ್ಲ ಎಂಬುದನ್ನು ಗಮನಿಸಬೇಕು. ನ್ಯೂ ಮೆಕ್ಸಿಕೊ ರಾಜ್ಯವೂ ಇದನ್ನು ಅಪಾಯದಂಚಿನ ಜೀವಿಯೆಂದು ಪರಿಗಣಿಸಿದೆ.

ಹಳೆಯ ಕಷ್ಟಗಳ ಮೇಲೆ ಈಗ ಸಂಗ್ರಹಕಾರರ ಹಾವಳಿ. ಮಳೆಯ ರಾತ್ರಿಗಳಲ್ಲಿ ಬೆಳಕು ಬೀರುತ್ತ ಬರುವವರು ನೂರಾರು ಕಿಲೋಮೀಟರ್ ಸುತ್ತಿ ಕಪ್ಪೆಗಳನ್ನು ಹಿಡಿಯುತ್ತಾರೆ. ಸಂತಾನಕ್ಕಾಗಿ ಅವು ಹೊರಬರುವ ಕಾಲವೇ ಹಿಡಿಯುವವರಿಗೂ ಸುಗ್ಗಿ. ದೊಡ್ಡ ಗ್ರಂಥಿಯ ದೊಡ್ಡ ಕಪ್ಪೆಗಳೇ ಅವರಿಗೆ ಬೇಕು. ವಂಶವನ್ನು ಬರಗಾಲ ದಾಟಿಸುವ ಹಿರಿಯ ಕಪ್ಪೆಗಳು ಹೀಗೆ ಮೊದಲು ಮಾಯವಾಗುತ್ತವೆ.

ಸ್ರಾವ ತೆಗೆದು ಮರಳಿ ಬಿಟ್ಟರೆ ಹಾನಿಯೇನು ಎಂದು ಕೇಳುವವರಿದ್ದಾರೆ. ಗ್ರಂಥಿ ಬರಿದಾದ ಕಪ್ಪೆ ಕೆಲಕಾಲ ಗುರಾಣಿಯಿಲ್ಲದ ಯೋಧ. ಹಿಡಿದ ಜಾಗ ಬಿಟ್ಟು ಬೇರೆಡೆ ಬಿಟ್ಟರೆ ಬಿಲವನ್ನೂ ನೀರನ್ನೂ ಹುಡುಕಲಾಗದೆ ಸಾಯಬಹುದು. ಜಗತ್ತಿನಾದ್ಯಂತ ಕಪ್ಪೆಗಳನ್ನು ಬಲಿ ತೆಗೆದುಕೊಂಡಿರುವ ಕೈಟ್ರಿಡ್ ಎಂಬ ಶಿಲೀಂಧ್ರ ರೋಗ ಹರಡಲು, ಹಲವೆಡೆಯ ಕಪ್ಪೆಗಳನ್ನು ಒಂದೇ ಡಬ್ಬದಲ್ಲಿ ತುಂಬುವುದಕ್ಕಿಂತ ಸುಲಭ ಮಾರ್ಗ ಇನ್ನೊಂದಿಲ್ಲ. ಮಳೆಯ ರಾತ್ರಿಗಳಲ್ಲಿ ಹೆದ್ದಾರಿಯ ವಾಹನಗಳಡಿ ಸಾಯುವ ಕಪ್ಪೆಗಳ ಲೆಕ್ಕ ಬೇರೆ.

ದೂರದ ಬೇಡಿಕೆ ಊರಿನ ಕಪ್ಪೆಯನ್ನು ಬರಿದು ಮಾಡುವುದು ಭಾರತಕ್ಕೆ ಹೊಸ ಅನುಭವವಲ್ಲ. ವಿದೇಶದ ಊಟದ ಮೇಜುಗಳಿಗಾಗಿ ನಮ್ಮ ಗದ್ದೆ ಹೊಂಡಗಳ ಕಪ್ಪೆಗಳನ್ನು ಹಿಡಿದು ಅವುಗಳ ಕಾಲುಗಳನ್ನು ರಫ್ತು ಮಾಡುವ ವ್ಯಾಪಾರ ದಶಕಗಳ ಕಾಲ ನಡೆಯಿತು. ಬೆಳೆಗೆ ಮುತ್ತುವ ಕೀಟಗಳನ್ನು ತಿನ್ನುವ ಕಪ್ಪೆಗಳೇ ಇಲ್ಲವಾಗುತ್ತಿವೆ ಎಂಬ ಎಚ್ಚರಿಕೆ ಬಲವಾದ ಬಳಿಕ, 1987ರಲ್ಲಿ ಭಾರತ ಸರ್ಕಾರ ಈ ರಫ್ತನ್ನು ನಿಷೇಧಿಸಿತು.

ಕಪ್ಪೆಯಿಲ್ಲದೆಯೂ ಮದ್ದು

ಹಾಗಾದರೆ ಮಾನಸಿಕ ಕಾಯಿಲೆಗಳಿಗೆ ಈ ವಸ್ತುವಿನಿಂದ ಪ್ರಯೋಜನವೇ ಇಲ್ಲವೇ? ಇರಬಹುದು. ಇತರ ಔಷಧಗಳಿಗೆ ಬಗ್ಗದ ಖಿನ್ನತೆಗೆ 5-ಮೀಥಾಕ್ಸಿ-ಡಿಎಂಟಿ ನೆರವಾಗಬಲ್ಲದೇ ಎಂಬುದನ್ನು ವೈದ್ಯರ ಕಣ್ಗಾವಲಿನಲ್ಲಿ ಪರೀಕ್ಷಿಸಲಾಗಿದೆ. 2024ರಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಸಂಶೋಧನೆಯೊಂದು ಮಿದುಳಿನ 5-ಎಚ್‌ಟಿ1ಎ ಎಂಬ ಸೆರೊಟೋನಿನ್ ಗ್ರಾಹಕಕ್ಕೆ ಇದು ಹೇಗೆ ಅಂಟಿಕೊಳ್ಳುತ್ತದೆ ಎಂಬುದನ್ನು ಬಿಡಿಸಿಟ್ಟಿತು. ಭ್ರಮೆ ಹುಟ್ಟಿಸದೆ ಗುಣ ನೀಡುವ ಔಷಧ ರೂಪಿಸುವ ದಿಕ್ಕಿನಲ್ಲಿ ಇದು ಒಂದು ಹೆಜ್ಜೆ.

ಗಮನಾರ್ಹ ಸಂಗತಿಯೆಂದರೆ, ಔಷಧ ಕಂಪನಿಗಳ ಈ ವೈದ್ಯಕೀಯ ಪರೀಕ್ಷೆಗಳಲ್ಲಿ ಬಳಕೆಯಾಗುವುದು ಪ್ರಯೋಗಾಲಯದಲ್ಲಿ ತಯಾರಾದ ವಸ್ತು. ಅದರಲ್ಲಿ ಪ್ರಮಾಣ ನಿಖರ, ಹೃದಯಕ್ಕೆ ಹಾನಿ ಮಾಡುವ ಬೆರಕೆಯಿಲ್ಲ. ಕಪ್ಪೆಯಿಂದ ಕಪ್ಪೆಗೆ, ಋತುವಿನಿಂದ ಋತುವಿಗೆ ಬದಲಾಗುವ ಸ್ರಾವಕ್ಕೆ ಈ ಗುಣವಿಲ್ಲ. ಒಂದೇ ಅಣು ಎರಡು ಕಡೆ ದೊರೆಯುವಾಗ ಒಂದು ಜೀವಿಯನ್ನು ಹಿಂಡಿ ತೆಗೆಯಲು ವೈಜ್ಞಾನಿಕವಾದ ಕಾರಣವಾವುದೂ ಉಳಿಯುವುದಿಲ್ಲ. ಉಳಿಯುವುದು, ಸಹಜವಾದದ್ದೆಲ್ಲ ಶ್ರೇಷ್ಠ ಎಂಬ ನಂಬಿಕೆ ಮಾತ್ರ. ಕಣಗಿಲೆಯೂ ಸಹಜವೇ ಎಂಬುದನ್ನು ಈ ನಂಬಿಕೆ ಮರೆಯುತ್ತದೆ.

ಅರಿಜೋನಾದಲ್ಲಿರುವ ಕನ್ನಡಿಗರ ಗಮನಕ್ಕೆ

ಉದ್ಯೋಗ, ವ್ಯಾಸಂಗಗಳ ನಿಮಿತ್ತ ಫೀನಿಕ್ಸ್, ಟೂಸಾನ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರಿಗೂ ಅವರನ್ನು ಕಾಣಲು ಹೋಗುವ ಹಿರಿಯರಿಗೂ ಮಳೆಗಾಲದಲ್ಲಿ ಈ ಕಪ್ಪೆ ಅಂಗಳದಲ್ಲೇ ಎದುರಾಗಬಹುದು. ಹೆದರಬೇಕಿಲ್ಲ. ಅದು ಎಗರಿ ಬಂದು ಕಚ್ಚುವುದಿಲ್ಲ. ಬರಿಗೈಯಲ್ಲಿ ಮುಟ್ಟದಿರುವುದು, ಅಕಸ್ಮಾತ್ ಮುಟ್ಟಿದರೆ ಕಣ್ಣು ಬಾಯಿಗೆ ಕೈ ತಾಗಿಸದೆ ಸೋಪಿನಿಂದ ತೊಳೆಯುವುದು, ಮಕ್ಕಳಿಗೆ ತಿಳಿಹೇಳುವುದು ಇಷ್ಟು ಸಾಕು.

ಸಾಕುನಾಯಿಯನ್ನು ರಾತ್ರಿ ಒಂಟಿಯಾಗಿ ಹೊರಬಿಡಬಾರದು, ನಾಯಿಯ ನೀರಿನ ಪಾತ್ರೆಯನ್ನು ರಾತ್ರಿ ಹೊರಗೆ ಇಡಬಾರದು. ನಾಯಿ ಕಪ್ಪೆಯನ್ನು ಬಾಯಿಗೆ ಹಾಕಿಕೊಂಡರೆ, ನೀರು ಗಂಟಲಿಗೆ ಇಳಿಯದಂತೆ ತಲೆಯನ್ನು ಬಗ್ಗಿಸಿ, ಬಾಯಿಯ ಹಿಂಬದಿಯಿಂದ ಹೊರಕ್ಕೆ ಹರಿಯುವ ಹಾಗೆ ಕೆಲವು ನಿಮಿಷ ತೊಳೆಯಬೇಕು, ಒಸಡು ನಾಲಗೆಗಳನ್ನು ಬಟ್ಟೆಯಿಂದ ಒರೆಸಬೇಕು, ತಡಮಾಡದೆ ಪಶುವೈದ್ಯರಲ್ಲಿಗೆ ಒಯ್ಯಬೇಕು. ಕಪ್ಪೆಯನ್ನು ಕೊಲ್ಲುವ ಅಗತ್ಯವಿಲ್ಲ. ಅಂಗಳದ ಚೇಳು, ಜಿರಳೆಗಳನ್ನು ಹಿಡಿಯುವ ಕಾವಲುಗಾರ ಅದು.

ಜುಲೈ ತಿಂಗಳ ಒಂದು ಸಂಜೆ ಸೊನೊರಾ ಮರುಭೂಮಿಯಲ್ಲಿ ಮೋಡ ಕವಿದು, ಮೊದಲ ದಪ್ಪ ಹನಿಗಳು ಬಿದ್ದಾಗ, ಒಂಬತ್ತು ತಿಂಗಳ ಕತ್ತಲಿನಿಂದ ಈ ಜೀವ ಮೇಲೆದ್ದು ಬರುತ್ತದೆ. ಅದಕ್ಕೆ ಬೇಕಾದುದು ಒಂದು ಗುಂಡಿಯ ನೀರು ಮತ್ತು ಕೆಲವು ನಿಶ್ಚಿಂತ ರಾತ್ರಿಗಳು. ಅದರ ವಿಷ ನರಿಗೆ, ನಾಯಿಗೆ ಹೇಳುವುದು ಒಂದೇ ಮಾತು: ನನ್ನನ್ನು ನನ್ನ ಪಾಡಿಗೆ ಬಿಡಿ. ಆ ಮಾತನ್ನು ಅರ್ಥಮಾಡಿಕೊಳ್ಳಬೇಕಾದ ಸರದಿ ಈಗ ಮನುಷ್ಯನದು.